ಮದುವೆಯ ಖರ್ಚು: ನಂಬುವುದು ಯಾರನ್ನು, ಎಷ್ಟರಮಟ್ಟಿಗೆ?

ತುಳಸಿ ಲಗ್ನ ಕಳೆಯಿತೆಂದರೆ ನಮ್ಮ ಮನೆಗಳಲ್ಲಿ ಗೋಡೆಯ ಮೊಳೆಯಿಂದ ಪಂಚಾಂಗ ಕೆಳಗಿಳಿಯುತ್ತದೆ. ಹೆಣ್ಣು ಹೆತ್ತವರೂ ಗಂಡು ಹೆತ್ತವರೂ ಮುಹೂರ್ತದ ಪಟ್ಟಿಯ ಮೇಲೆ ಬೆರಳಾಡಿಸತೊಡಗುತ್ತಾರೆ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಗಡಿಯಾಚೆ ಬಂದು ನೆಲೆಸಿದ ನಾವು ಆ ಗಾದೆಗೆ ಇನ್ನೊಂದು ಮಾತು ಸೇರಿಸಿಕೊಳ್ಳಬೇಕಾಗಿದೆ: ಪರಸ್ಥಳದಲ್ಲಿ ಮದುವೆ ಮಾಡಿ ನೋಡು.

ಇದರ ಕಾರಣವನ್ನು ಸ್ವಲ್ಪ ವಿಚಾರಿಸೋಣ. ಬಾದಾಮಿಯ ಕಡೆಯಾಗಲಿ ಹಾವೇರಿಯ ಕಡೆಯಾಗಲಿ, ನಮ್ಮ ಹುಟ್ಟೂರಿನಲ್ಲಿ ಮದುವೆಗೆ ಅಡುಗೆ ಮಾಡುವವನ ತಂದೆ ನಮ್ಮ ತಂದೆಯ ಮದುವೆಗೆ ಅಡುಗೆ ಮಾಡಿರುತ್ತಾನೆ. ಹಂದರ ಹಾಕುವವನು ಎರಡು ಓಣಿಗಳಾಚೆ ಇರುತ್ತಾನೆ. ಬಂಗಾರದ ಪತ್ತಾರರು ಮನೆತನಕ್ಕೇ ಗೊತ್ತಿದ್ದವರು. ಅಲ್ಲಿ ಯಾರೂ ಕರಾರುಪತ್ರ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಕೆಲಸ ಕೆಡಿಸಿದವನು ಮುಂದಿನ ಸಂತೆಯಲ್ಲಿ ನಾಲ್ಕು ಜನರೆದುರು ಮುಖ ತೋರಿಸಬೇಕಲ್ಲ, ಆ ಲಜ್ಜೆಯೇ ನಮಗೆ ಜಾಮೀನು. ಗೋವೆಯ ಸ್ಥಿತಿ ಬೇರೆ. 1961ರ ವಿಮೋಚನೆಯ ತರುವಾಯ ಬಂದವರು ಕೆಲವರು, ನಿನ್ನೆ ಮೊನ್ನೆ ಬಂದವರು ಕೆಲವರು. ವಾಸ್ಕೋ, ಝುವಾರಿನಗರ, ಮಡಗಾಂವ, ಮಾಪ್ಸಾ, ಫೋಂಡಾ ಎಂದು ಚದುರಿಹೋಗಿದ್ದೇವೆ. ಇಲ್ಲಿ ನಮ್ಮ ಮದುವೆಯ ಕೆಲಸ ಒಪ್ಪಿಕೊಳ್ಳುವವನು ನಮ್ಮನ್ನು ನಾಳೆ ಕಾಣುವ ಹಂಗಿಲ್ಲದವನು. ನಮಗೂ ಅವನ ಊರು ಕೇರಿ ತಿಳಿಯದು. ತಿಳಿದಿರುವುದು ಮೊಬೈಲ್ ನಂಬರೊಂದೇ. ಆದಕಾರಣ ಊರಿನಲ್ಲಿ ಲಜ್ಜೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬರಹ ಮಾಡಬೇಕು. ಈ ತಿಂಗಳು ನಮ್ಮ ಬಂಧುಗಳೊಡನೆ ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ.

ಶಾಲೆಯ ಮುಖ್ಯೋಪಾಧ್ಯಾಯರಾದ ನಾವು ಇದನ್ನೇಕೆ ಹೇಳಹೊರಟೆವೆಂದು ಕೆಲವರಿಗೆ ಅನಿಸಬಹುದು. ಮದುವೆಯ ಸಾಲ ಕೊನೆಗೆ ಬಂದು ನಿಲ್ಲುವುದು ಶಾಲೆಯ ಹಾಜರಿ ಪುಸ್ತಕದಲ್ಲಿ. ಗಾರೆಕೆಲಸದ ಒಬ್ಬ ತಂದೆ ಹಿರಿಯ ಮಗಳ ಮದುವೆಗೆ ಮಂಟಪ, ದೀಪ, ಊಟ ಎಲ್ಲವನ್ನೂ ಒಬ್ಬ ಮಧ್ಯಸ್ಥನಿಗೆ ಬಾಯಿಮಾತಿನಲ್ಲಿ ವಹಿಸಿ 40,000 ರೂಪಾಯಿ ಮುಂಗಡ ಕೊಟ್ಟಿದ್ದರು. ಚೀಟಿಯಿಲ್ಲ, ಸಹಿಯಿಲ್ಲ. ಮದುವೆಗೆ ನಾಲ್ಕು ದಿನವಿರುವಾಗ ಆತನ ಫೋನು ನಿಂತುಹೋಯಿತು. ನಿಂತ ಮದುವೆಯೆಂಬ ಮಾತು ಬರಬಾರದೆಂದು ತಂದೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 1,00,000 ರೂಪಾಯಿ ಸಾಲ ತಂದರು. ಮದುವೆಯೇನೋ ನಡೆಯಿತು. ಬಡ್ಡಿ ತಿಂಗಳಿಗೆ 3,000, ವರ್ಷಕ್ಕೆ 36,000. ಮೂರು ವರ್ಷಗಳಲ್ಲಿ ಬಡ್ಡಿಯೇ 1,08,000 ಆಗಿ ಅಸಲನ್ನು ಮೀರುತ್ತದೆ, ಅಸಲು ಮಾತ್ರ ಇದ್ದಲ್ಲಿಯೇ ಇರುತ್ತದೆ. ಏಳನೆಯ ತರಗತಿಯಲ್ಲಿದ್ದ ಎರಡನೆಯ ಮಗಳು ತಾಯಿಯೊಡನೆ ಪಾತ್ರೆ ತಿಕ್ಕುವ ಕೆಲಸಕ್ಕೆ ಹೋಗತೊಡಗಿದಳು. ಅವಳ ಹೆಸರಿನ ಮುಂದೆ ನಾವು ಗೈರುಹಾಜರಿಯ ಗುರುತು ಹಾಕುತ್ತ ಹೋದೆವು. ಲೆಕ್ಕದಲ್ಲಿ ಜಾಣೆಯಾಗಿದ್ದ ಹುಡುಗಿ ಅವಳು.

ಇನ್ನು ವಿಷಯಕ್ಕೆ ಬರೋಣ. ಮೊಟ್ಟಮೊದಲ ಪ್ರಶ್ನೆ, ಮದುವೆ ಇಲ್ಲಿಯೋ ಊರಿನಲ್ಲಿಯೋ ಎಂಬುದು. ಊರಿನಲ್ಲಾದರೆ ಹಂದರ, ಅಡುಗೆ, ವಾಲಗಗಳಿಗೆ ತಗಲುವ ವೆಚ್ಚ ಸಾಮಾನ್ಯವಾಗಿ ಕಡಿಮೆ. ಆದರೆ ಕರೆಯಬೇಕಾದ ಮನೆಗಳು ಹೆಚ್ಚು, ಮುಯ್ಯಿ ತೀರಿಸಬೇಕಾದವರೂ ಹೆಚ್ಚು. ಇಲ್ಲಾದರೆ ಎಲೆಗಳ ಸಂಖ್ಯೆ ಇಳಿಯುತ್ತದೆ, ಒಂದೊಂದು ಎಲೆಯ ಬೆಲೆ ಏರುತ್ತದೆ, ಊರಿನಿಂದ ಬರುವವರ ವಾಹನ ಮತ್ತು ವಸತಿಯ ಹೊರೆ ನಮ್ಮ ಮೇಲೆ ಬೀಳುತ್ತದೆ. ಎರಡನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದು ಕೂಡಿಸಿ ನೋಡಿದ ಮೇಲೆಯೇ ನಿರ್ಧರಿಸಬೇಕು. "ಇಲ್ಲಿ ಒಂದು ಆರತಕ್ಷತೆ, ಅಲ್ಲಿ ಮದುವೆ" ಎಂಬ ನಡುದಾರಿ ಕೇಳಲು ಹಿತವಾಗಿದ್ದರೂ ಅದು ಬಹುಮಟ್ಟಿಗೆ ಎರಡು ಮದುವೆಗಳ ಖರ್ಚೇ ಸರಿ.

ಎರಡನೆಯದು ದಿನದ ಆಯ್ಕೆ. ಡಿಸೆಂಬರಿನ ಕೊನೆಯ ವಾರಗಳಲ್ಲಿ ಗೋವೆಗೆ ಪ್ರವಾಸಿಗರು ಮುಗಿಬೀಳುತ್ತಾರೆ; ಹೊರನಾಡಿನ ಶ್ರೀಮಂತರು ಕಡಲ ದಂಡೆಯಲ್ಲಿ ಮದುವೆ ಮಾಡಲು ಬರುವ ಕಾಲವೂ ಚಳಿಗಾಲವೇ. ವಾಹನ, ಛಾಯಾಗ್ರಾಹಕ, ಹೂವು ಎಲ್ಲದಕ್ಕೂ ಆಗ ಬೇಡಿಕೆ ಹೆಚ್ಚು. ಇದಕ್ಕೆ ಪ್ರತಿಯಾಗಿ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ವ್ರತಕಾಲದಲ್ಲಿ ಇಲ್ಲಿಯ ಕ್ರೈಸ್ತ ಬಂಧುಗಳು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ದಿನಗಳಲ್ಲಿ ನಮಗೆ ಒಳ್ಳೆಯ ಮುಹೂರ್ತ ದೊರೆತರೆ ಸಭಾಭವನದವರೊಡನೆ ಬಾಡಿಗೆಯ ಮಾತು ಆಡಲು ಅನುಕೂಲ. ಬಸವ ಜಯಂತಿಯ ಅಕ್ಷಯ ತದಿಗೆಯಂದು ಎಲ್ಲೆಲ್ಲೂ ಮದುವೆಗಳಿರುವುದರಿಂದ ಅಡುಗೆಯವರು ಒಂದೇ ದಿನ ಎರಡು ಕಡೆ ಒಪ್ಪಿಕೊಂಡಿರುವ ಸಂಭವವುಂಟು. ಅದನ್ನು ಮುಂಚಿತವಾಗಿ ಕೇಳಿ ತಿಳಿಯಬೇಕು. ಜೂನ್ ತಿಂಗಳ ಮಳೆ ಹಿಡಿದ ಮೇಲೆ ಬಯಲಿನ ಹಂದರವನ್ನು ನೆಚ್ಚುವಂತಿಲ್ಲ.

ಈಗ ಆಯವ್ಯಯ. ನಮ್ಮಲ್ಲಿ ಬಹಳ ಮಂದಿ ಮೊದಲು ಆಮಂತ್ರಿತರ ಪಟ್ಟಿ ಬರೆದು, ಆಮೇಲೆ ಹಣ ಹುಡುಕುತ್ತಾರೆ. ಈ ಕ್ರಮ ತಲೆಕೆಳಗು. ಮೊದಲು ಕೈಯಲ್ಲಿರುವ ಹಣ, ಬಳಿಕ ಪಟ್ಟಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತಿನ ಅರ್ಥವೂ ಇದೇ. ಕೇವಲ ಲೆಕ್ಕ ತಿಳಿಯುವುದಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಮನೆಯವರು ಸಾಲವಿಲ್ಲದೆ 5,00,000 ರೂಪಾಯಿ ಕೂಡಿಸಿದ್ದಾರೆನ್ನಿ. ಅದನ್ನು ಹೀಗೆ ಹಂಚಬಹುದು:

ಮುಟ್ಟಬಾರದ ಆಪದ್ಧನ: 50,000
ಬಂಗಾರ: 1,50,000
ಊಟ, ಉಪಾಹಾರ: 1,20,000
ಸಭಾಭವನ, ಮಂಟಪ, ದೀಪ: 60,000
ಬಟ್ಟೆಬರೆ: 50,000
ವಾಹನ, ವಸತಿ: 35,000
ಪುರೋಹಿತರು, ವಾಲಗ, ಛಾಯಾಚಿತ್ರ, ಆಮಂತ್ರಣ ಪತ್ರ: 35,000

ಊಟದ 1,20,000ದಲ್ಲಿ ಎಲೆಯೊಂದಕ್ಕೆ 250ರಂತೆ 400 ಎಲೆಗಳಿಗೆ 1,00,000. ಉಳಿದ 20,000 ಹಿಂದಿನ ರಾತ್ರಿಯ ಊಟಕ್ಕೂ ಬೆಳಗಿನ ಉಪಾಹಾರಕ್ಕೂ. ಈಗ ಪಟ್ಟಿಗೆ "ಇವರನ್ನೂ ಬಿಡುವಂತಿಲ್ಲ, ಅವರನ್ನೂ ಬಿಡುವಂತಿಲ್ಲ" ಎಂದು 150 ಜನರನ್ನು ಸೇರಿಸಿದೆವೆನ್ನೋಣ. ಹೆಚ್ಚಾಗುವ ಖರ್ಚು 37,500. ಆಪದ್ಧನದ ಮುಕ್ಕಾಲು ಪಾಲು ಒಂದೇ ಹೊತ್ತಿನ ಊಟಕ್ಕೆ ಹೋಯಿತು! ಮದುವೆಯ ಖರ್ಚನ್ನು ಹಿಡಿದಿಡುವ ಕೀಲಿಕೈ ಹೂವಿನ ಅಲಂಕಾರದಲ್ಲಿಲ್ಲ, ಎಲೆಗಳ ಎಣಿಕೆಯಲ್ಲಿದೆ. ಮನೆಮನೆಯ ಅನುಕೂಲದಂತೆ ಅಂಕಿಗಳು ಬದಲಾಗಲಿ. ಹತ್ತನೆಯ ಒಂದು ಪಾಲನ್ನು ಮೊದಲೇ ತೆಗೆದಿಡುವ ನಿಯಮ ಮಾತ್ರ ಬದಲಾಗದಿರಲಿ.

ಊಟದ ಮಾತು ಬಂದುದರಿಂದ ಅಡುಗೆಯವರನ್ನು ಗೊತ್ತುಮಾಡುವ ಬಗೆಯನ್ನು ನೋಡೋಣ. ಇದರಲ್ಲಿ ಎರಡು ಪದ್ಧತಿ. ಸಾಮಾನು ನಮ್ಮದು, ಕೈಕೆಲಸ ಅವರದು ಎಂಬುದು ಒಂದು; ಎಲೆಗೆ ಇಷ್ಟೆಂದು ಗುತ್ತಿಗೆ ಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ಹಣ ಉಳಿಯುತ್ತದೆ. ಆದರೆ ಸಾಮಾನಿನ ಪಟ್ಟಿಯನ್ನು ತಿಳಿದವರೊಬ್ಬರಿಗೆ ತೋರಿಸಬೇಕು, ಉಗ್ರಾಣಕ್ಕೆ ನಮ್ಮವರೊಬ್ಬರು ಇಡೀ ದಿನ ನಿಲ್ಲಬೇಕು. ತೆಂಗಿನಕಾಯಿ, ಬಾಳೆ, ತರಕಾರಿಗಳನ್ನು ಮಾಪ್ಸಾದ ಶುಕ್ರವಾರದ ಸಂತೆಯಂಥಲ್ಲಿ ನಾವೇ ಕೊಳ್ಳಬಹುದು. ಗುತ್ತಿಗೆಯಾದರೆ ಎಲೆ ಎಣಿಸುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಉಭಯಪಕ್ಷದವರೆದುರು ಎಲೆಗಳ ಕಟ್ಟನ್ನು ಎಣಿಸಿ ಕೊಟ್ಟು, ಪಂಕ್ತಿ ಮುಗಿದ ಮೇಲೆ ಉಳಿದುದನ್ನು ಎಣಿಸಿ ಕಳೆದರೆ ಜಗಳಕ್ಕೆ ಎಡೆಯಿಲ್ಲ. ಆಹಾರ ಸುರಕ್ಷತೆಯ 2006ರ ಕಾಯಿದೆಯಂತೆ ಊಟ ಒದಗಿಸುವ ವೃತ್ತಿಯವರಿಗೆ ಪರವಾನಗಿಯಾಗಲಿ ನೋಂದಣಿಯಾಗಲಿ ಇರಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು ಕೇಳಿ ಪಡೆಯಲು ಸಂಕೋಚ ಬೇಡ.

ನಂಬಿಗಸ್ತರನ್ನು ಗುರುತಿಸುವುದು ಹೇಗೆ? ನಾವು ಮೂರು ಪರೀಕ್ಷೆಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಅವರು ತೋರಿಸುವ ಚಿತ್ರಗಳನ್ನು ನೋಡಿ ತೀರ್ಮಾನಿಸದೆ, ಅವರು ಕೆಲಸ ಮಾಡಿದ ಎರಡು ಮನೆಗಳವರನ್ನು ಕಂಡು ಮಾತನಾಡುವುದು. "ಕೆಲಸ ಹೇಗಿತ್ತು?" ಎಂದು ಕೇಳಿದರೆ ಎಲ್ಲರೂ "ಚೆನ್ನಾಗಿತ್ತು" ಎಂದಾರು. "ಒಪ್ಪಿದ ಮೊತ್ತಕ್ಕಿಂತ ಕೊನೆಗೆ ಎಷ್ಟು ಹೆಚ್ಚು ಕೊಟ್ಟಿರಿ?" ಎಂದು ಕೇಳಬೇಕು. ಎರಡನೆಯದು, ಸಾಧ್ಯವಿದ್ದರೆ ಅವರ ಕೆಲಸ ನಡೆಯುತ್ತಿರುವ ಒಂದು ಮದುವೆಯನ್ನು ಕಣ್ಣಾರೆ ನೋಡುವುದು. ಅದೂ ಮೊದಲ ಪಂಕ್ತಿಯ ಹೊತ್ತಿಗಲ್ಲ, ಕೊನೆಯ ಪಂಕ್ತಿಯ ಹೊತ್ತಿಗೆ. ಮೂರನೆಯದು, ಎಲ್ಲವನ್ನೂ ಬರೆದುಕೊಡಿರೆಂದು ಕೇಳುವುದು. ಪ್ರಾಮಾಣಿಕನಾದ ವೃತ್ತಿಗಾರನು ಬರೆಯುವುದಕ್ಕೆ ಬೇಸರಪಡಬಹುದು, ಹಿಂಜರಿಯುವುದಿಲ್ಲ. "ನಂಬಿಕೆಯಿಲ್ಲವೇ ನಿಮಗೆ?" ಎಂದು ಮುನಿಸಿಕೊಳ್ಳುವವನಿಗೆ ಅಲ್ಲಿಂದಲೇ ನಮಸ್ಕಾರ ಹೇಳುವುದು ಲೇಸು.

ಬರಹದಲ್ಲಿ ಏನೇನಿರಬೇಕು? ದಿನಾಂಕ, ಸ್ಥಳ, ವೇಳೆ. ಕೊಡಮಾಡುವ ಪ್ರತಿಯೊಂದು ವಸ್ತು ಮತ್ತು ಅದರ ಸಂಖ್ಯೆ. ಒಟ್ಟು ಮೊತ್ತ, ಅದರಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ. ವಿದ್ಯುತ್ತು, ಜನರೇಟರು, ನೀರು, ಕಸ ಸಾಗಿಸುವಿಕೆ ಯಾರ ಪಾಲಿಗೆ. ಮದುವೆಯ ದಿನ ಮುಂದೆ ಹೋದರೆ ಮುಂಗಡದ ಗತಿಯೇನು. ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿಸಬೇಕು. ಕೊಂಕಣಿ ಇಲ್ಲವೇ ಮರಾಠಿಯಲ್ಲಿ ಬರೆದುದನ್ನು ಓದಲು ಬಾರದಿದ್ದರೆ ಓದಬಲ್ಲ ಮಕ್ಕಳಿಂದ ಓದಿಸಿ ಕೇಳಿ. ಶಾಲೆಗೆ ತಂದರೆ ನಾವೂ ಓದಿ ಹೇಳುತ್ತೇವೆ. ತಿಳಿಯದ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ. ಇನ್ನು ಹಣ ಕೊಡುವ ಕ್ರಮ. "ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ" ಎಂಬ ಮಾತು ಮುಂಗಡದ ವಿಷಯದಲ್ಲಿ ಅಕ್ಷರಶಃ ನಿಜ. ನಾಲ್ಕರಲ್ಲೊಂದು ಪಾಲು ಮುಂಗಡ, ಅರ್ಧ ಪಾಲು ಮದುವೆಯ ಹಿಂದಿನ ದಿನ ಸಾಮಾನು ಬಂದಿಳಿದ ಮೇಲೆ, ಉಳಿದ ಕಾಲು ಪಾಲು ಕೆಲಸ ಮುಗಿದ ಮೇಲೆ. ಸಾಧ್ಯವಾದಷ್ಟು ಈ ಕ್ರಮಕ್ಕೆ ಒಪ್ಪಿಸಬೇಕು. ಬ್ಯಾಂಕಿನ ಮೂಲಕವೋ ಮೊಬೈಲಿನ ಮೂಲಕವೋ ಕೊಟ್ಟ ಹಣಕ್ಕೆ ಗುರುತು ಉಳಿಯುತ್ತದೆ. ಕೈಯಲ್ಲಿ ಕೊಟ್ಟ ಹಣಕ್ಕೆ ರಸೀತಿಯೊಂದೇ ಗುರುತು. ಎಲ್ಲ ಕೆಲಸವನ್ನೂ ಒಬ್ಬನಿಗೇ ವಹಿಸಿದರೆ ಓಡಾಟ ಉಳಿಯುವುದು ನಿಜ, ಆದರೆ ಅವನೊಬ್ಬ ಕೈಬಿಟ್ಟರೆ ಎಲ್ಲವೂ ಕೈಬಿಟ್ಟಂತೆಯೇ. ಊಟವನ್ನಾದರೂ ಬೇರೆಯವರಿಗೆ ವಹಿಸುವುದು ಕ್ಷೇಮ.

ಬ್ಯಾಂಡು, ವಾಲಗ, ಧ್ವನಿವರ್ಧಕದವರೊಡನೆ ಮಾತಾಡುವಾಗ ಒಂದು ನಿಯಮ ನೆನಪಿರಲಿ. ಶಬ್ದಮಾಲಿನ್ಯದ 2000ದ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ಹನ್ನೆರಡರವರೆಗೆ ನುಡಿಸುತ್ತೇವೆಂದು ಹಣ ಪಡೆದು, ಪೊಲೀಸರು ಬಂದಾಗ ನಮ್ಮತ್ತ ಕೈತೋರಿಸುವವರ ಮಾತಿಗೆ ಮರುಳಾಗಬಾರದು.

ಬಂಗಾರದ ವಿಷಯದಲ್ಲಿ ಕಾನೂನೇ ನಮಗೆ ನೆರವಾಗಿದೆ. 2021ರ ಜೂನ್‌ನಿಂದ ದೇಶದ ಹಲವು ಜಿಲ್ಲೆಗಳಲ್ಲಿ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಇರಲೇಬೇಕು. 22 ಕ್ಯಾರೆಟ್ಟಿನ ಒಡವೆಯ ಮೇಲೆ 916 ಎಂಬ ಅಂಕಿ ಇರುತ್ತದೆ. ಆರಂಕಿಯ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಬರೆದರೆ ಒಡವೆಯ ಪರಿಶುದ್ಧತೆ ಗೊತ್ತಾಗುತ್ತದೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯವಿಲ್ಲ. ತಾಳಿಯ ಸಣ್ಣ ಗುಂಡುಗಳನ್ನು ಬಿಡಿಯಾಗಿ ಕೊಳ್ಳುವವರು ಎಚ್ಚರದಿಂದಿರಬೇಕು. ಪಾವತಿಯಲ್ಲಿ ಬಂಗಾರದ ತೂಕ, ಹರಳಿನ ತೂಕ, ಆ ದಿನದ ದರ, ಮಜೂರಿ ಇವೆಲ್ಲ ಬೇರೆಬೇರೆಯಾಗಿ ಕಾಣಬೇಕು. ಒಟ್ಟು ಮೊತ್ತವೊಂದನ್ನೇ ಬರೆದ ಚೀಟಿ ಪಾವತಿಯಲ್ಲ.

ಊರಿನಿಂದ ದಿಬ್ಬಣ ಬರುವ ಹಾದಿಗಳು ನಮಗೆ ಗೊತ್ತೇ ಇವೆ: ಅನಮೋಡ ಘಟ್ಟ, ಚೋರ್ಲಾ ಘಟ್ಟ, ಕಾರವಾರದ ಹೆದ್ದಾರಿ, ಮತ್ತು ಲೋಂಡಾ, ಕ್ಯಾಸಲ್‌ರಾಕ್ ಮೂಲಕ ವಾಸ್ಕೋಗೆ ಇಳಿಯುವ ರೈಲು. ಬಾಡಿಗೆ ಬಸ್ಸು ರಾಜ್ಯದ ಗಡಿ ದಾಟಲು ತಕ್ಕ ಪರವಾನಗಿ ಬೇಕು. ಅದರ ಶುಲ್ಕ ಯಾರದೆಂದು ಬರೆಯಿಸದಿದ್ದರೆ ತಪಾಸಣಾ ನಾಕೆಯಲ್ಲಿ ದಿಬ್ಬಣ ನಿಂತು ಮುಹೂರ್ತ ಮೀರೀತು. ರೈಲಿನವರು ಗಮನಿಸಬೇಕಾದ ಸಂಗತಿಯೆಂದರೆ, ಮುಂಗಡ ಟಿಕೆಟು ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರಿನಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಮರಳುವ ಬಸ್ಸಿನಲ್ಲಿ ಯಾರಾದರೂ ಗೋವೆಯ ಮದ್ಯವನ್ನು ಅಡಗಿಸಿಟ್ಟಿದ್ದರೆ ಅಬಕಾರಿಯವರ ಕೈಗೆ ಸಿಲುಕುವುದು ಇಡೀ ದಿಬ್ಬಣ. ಹಿರಿಯರೊಬ್ಬರು ಹೊರಡುವ ಮುನ್ನ ಇದನ್ನು ಬಿಚ್ಚಿ ಹೇಳಬೇಕು.

ಖರ್ಚಿನ ಪಟ್ಟಿಯಲ್ಲಿ ಬಹುಮಂದಿ ಮರೆಯುವ ಬಾಬತ್ತು ಮದುವೆಯ ನೋಂದಣಿ. ಗೋವೆಯಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ವಿಮೋಚನೆಯ ನಂತರವೂ ಉಳಿದುಬಂದಿದೆ. ಇಲ್ಲಿ ಮದುವೆಯಾಗುವವರು ಸಿವಿಲ್ ರಿಜಿಸ್ಟ್ರಾರರ ಕಚೇರಿಯಲ್ಲಿ ಮೊದಲು ತಮ್ಮ ಇಚ್ಛೆಯನ್ನು ಘೋಷಿಸಿ ಸಹಿ ಮಾಡಬೇಕು. ನಿಗದಿಯಾದ ದಿನಗಳು ಕಳೆದ ಮೇಲೆ ಸಾಕ್ಷಿಗಳೊಡನೆ ಹೋಗಿ ಎರಡನೆಯ ಸಹಿ ಹಾಕಬೇಕು. ಮೊದಲ ಸಹಿಯಷ್ಟೇ ಆಗಿ, ಮಂಟಪದಲ್ಲಿ ಅಕ್ಷತೆ ಬಿದ್ದಿತೆಂದು ಎರಡನೆಯದನ್ನು ಮರೆತವರ ಮದುವೆ ಕಾನೂನಿನ ಕಣ್ಣಿಗೆ ಪೂರ್ಣವಾಗುವುದಿಲ್ಲ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಈ ಸಂಹಿತೆಯಂತೆ ಗಂಡಹೆಂಡಿರ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸಮಪಾಲಿನದಾಗುತ್ತದೆ. ಊರಿನಲ್ಲಿ ಹೊಲಮನೆಯುಳ್ಳವರು ವಕೀಲರನ್ನು ಕೇಳಿ ತಿಳಿಯುವುದು ಒಳ್ಳೆಯದು. ಜನನ ಪ್ರಮಾಣಪತ್ರಕ್ಕಾಗಿ ಊರಿಗೆ ಒಂದೆರಡು ಸಲ ಹೋಗಿಬರುವ ಖರ್ಚನ್ನೂ ದಿನಗಳನ್ನೂ ಲೆಕ್ಕದಲ್ಲಿ ಹಿಡಿದು, ಆಮಂತ್ರಣ ಪತ್ರ ಅಚ್ಚಿಗೆ ಹೋಗುವ ಮುನ್ನವೇ ಕಚೇರಿಯಲ್ಲಿ ವಿಚಾರಿಸಬೇಕು.

ನಮ್ಮ ಪಟ್ಟಿಯಲ್ಲಿ ವರದಕ್ಷಿಣೆಗೆ ಸಾಲಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. 1961ರ ಕಾಯಿದೆಯಂತೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಶಿಕ್ಷೆ ಸಾಮಾನ್ಯವಾಗಿ ಐದು ವರ್ಷಗಳಿಗೆ ಕಡಿಮೆಯಿಲ್ಲದ ಸೆರೆವಾಸ. ಪ್ರೀತಿಯಿಂದ ಬಂದ ಉಡುಗೊರೆಗಳಿಗೂ ವಧುವಿನದೊಂದು, ವರನದೊಂದು ಪಟ್ಟಿ ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಅಲ್ಲಿಯೂ ಮಗಳನ್ನು ಕಾಯುವುದು ಬರಹವೇ.

ಇಷ್ಟೆಲ್ಲ ಜಾಗ್ರತೆ ವಹಿಸಿಯೂ ಮೋಸ ಹೋದರೆ? ಮುಂಗಡ ನುಂಗಿದವನು ಹುಬ್ಬಳ್ಳಿಯಲ್ಲಿದ್ದರೂ ಸರಿ, ನಾವು ಗೋವೆಯಲ್ಲಿ ವಾಸವಾಗಿದ್ದರೆ ಇಲ್ಲಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವಕಾಶವಿತ್ತಿದೆ. ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಹಣ 5,00,000 ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಆಯೋಗವು ಕೇಳುವ ಮೊದಲ ವಸ್ತು ರಸೀತಿ. ಆ ಗಾರೆಕೆಲಸದ ತಂದೆಯ ಬಳಿ ಇಲ್ಲದಿದ್ದುದು ಅದೊಂದೇ.

ಸರಳ ಮದುವೆ ಅವಮಾನವೆಂದು ಭಾವಿಸುವವರು ನಮ್ಮ ನಾಡಿನ ದೊಡ್ಡವರನ್ನು ನೆನೆಯಬೇಕು. ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿಧಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಆರಂಭಿಸಿದ ಸಾಮೂಹಿಕ ವಿವಾಹಗಳಲ್ಲಿ ಸಹಸ್ರಾರು ಜೋಡಿಗಳು ಸಾಲವಿಲ್ಲದೆ ಸಂಸಾರ ಹೂಡಿವೆ. ಅವರ ಮನೆಗಳಲ್ಲಿ ದೀಪ ಕಡಿಮೆ ಉರಿಯಿತೇ?

ಕೊನೆಯದಾಗಿ ನಮ್ಮ ಕನ್ನಡ ಸಂಘಗಳಲ್ಲಿ ಒಂದು ವಿನಂತಿ. ಪ್ರತಿಯೊಂದು ಸಂಘದಲ್ಲಿಯೂ ಗಟ್ಟಿ ರಟ್ಟಿನ ಒಂದು ಪುಸ್ತಕವಿರಲಿ. ಮದುವೆ ಮುಗಿಸಿದ ಪ್ರತಿಯೊಂದು ಮನೆಯವರೂ ಅದರಲ್ಲಿ ಒಂದು ಪುಟ ಬರೆಯಲಿ: ಅಡುಗೆಗೆ, ಹಂದರಕ್ಕೆ, ವಾಹನಕ್ಕೆ ಯಾರನ್ನು ಗೊತ್ತುಮಾಡಿದೆವು, ಎಷ್ಟಕ್ಕೆ ಮಾತಾಗಿತ್ತು, ಎಷ್ಟು ಕೊಟ್ಟೆವು, ನುಡಿದಂತೆ ನಡೆದರೇ. ಹೊಗಳಿಕೆಯೂ ಬೇಡ, ಬೈಗಳೂ ಬೇಡ, ನಡೆದುದಿಷ್ಟು ಸಾಕು. ಹತ್ತು ಮನೆಗಳ ಪುಟ ತುಂಬುವುದರೊಳಗೆ ಕೆಲಸದವರಿಗೂ ಆ ಪುಸ್ತಕದ ಸುದ್ದಿ ಮುಟ್ಟಿರುತ್ತದೆ. ಹುಟ್ಟೂರಿನ ಸಂತೆಯಲ್ಲಿ ನಾವು ಬಿಟ್ಟುಬಂದ ಲಜ್ಜೆಯ ಜಾಮೀನು ಇಲ್ಲಿಯೂ ತಾನಾಗಿ ಬೇರುಬಿಡುತ್ತದೆ. ಮೊದಲ ಪುಟ ಬರೆಯುವ ಮನೆ ನಿಮ್ಮದಾಗಲಿ.